ಬೀರುವಿನಿಂದ ಹೊರಬಂದ ಕ್ಯಾಮರಾ: ಮೊದಲ ರೋಲಿಗಿಂತ ಮೊದಲು, ಆಮೇಲೆ

ಹದಿನೈದಿಪ್ಪತ್ತು ವರ್ಷ ಬೀರುವಿನಲ್ಲಿ ಮಲಗಿದ್ದ ಫಿಲ್ಮ್ ಕ್ಯಾಮರಾವನ್ನು ಹೊರತೆಗೆದವರು ಹೆಚ್ಚಾಗಿ ಒಂದೇ ಎಡವಟ್ಟು ಮಾಡುತ್ತಾರೆ. ಧೂಳು ಒರೆಸಿ, ಹೊಸ ಸೆಲ್ ಹಾಕಿ, ಅವತ್ತೇ ರೋಲು ತುಂಬಿಬಿಡುತ್ತಾರೆ. ಮೂವತ್ತಾರು ಚಿತ್ರ ಮುಗಿಸಿ ರೀಲು ತೊಳೆಸಿದರೆ ಅರ್ಧ ಖಾಲಿ, ಇನ್ನರ್ಧದ ಮೇಲೆ ಬೆಳಕು ಸೋರಿದ ಪಟ್ಟೆ. ‘ಕೈ ಹೋಗಿದೆ, ಆಸಕ್ತಿಯೂ ಮೊದಲಿನಂತಿಲ್ಲ’ ಎಂದುಕೊಂಡು ಕ್ಯಾಮರಾ ಮತ್ತೆ ಬೀರು ಸೇರುತ್ತದೆ. ಎಷ್ಟೋ ಸಲ ನಿಜವಾಗಿ ಹೋಗಿರುವುದು ಎರಡು ಮಿಲಿಮೀಟರ್ ದಪ್ಪದ ಫೋಮು ಮಾತ್ರ.

ಹಾಗಾಗಿ ನಾನು ಫೋಟೋಗ್ರಫಿಗೆ ಮರಳುವಾಗ ಯಂತ್ರದಿಂದಲೇ ಶುರುಮಾಡಿದೆ. ಒಂದೊಂದೇ ಪರೀಕ್ಷೆ ಮುಗಿಯದೆ ರೋಲು ಮುಟ್ಟಲಿಲ್ಲ. ನನ್ನ ಬಳಿ ಇರುವುದು ನಿಕಾನ್ ಎಫ್‌ಎಂ10 ಮತ್ತು 50 ಮಿ.ಮೀ. ಎಫ್ 1.8 ಲೆನ್ಸ್. ನಿಕಾನ್‌ಗಾಗಿ ಕೊಸಿನಾ ಕಂಪನಿ ತಯಾರಿಸುತ್ತಿದ್ದ, 1995ರಲ್ಲಿ ಬಂದ ಮಾದರಿ ಇದು. ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಶಟರ್ ಪೂರ್ತಿ ಯಾಂತ್ರಿಕ. ಸೆಲ್ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ. ಪೆಂಟ್ಯಾಕ್ಸ್ ಕೆ1000 ಇರುವವರಿಗೂ ಇಲ್ಲಿನ ಮಾತು ಹೆಚ್ಚುಕಡಿಮೆ ಹಾಗೇ ಹೊಂದುತ್ತದೆ.

ಹಿಂಬಾಗಿಲು ತೆರೆಯುವ ಮೊದಲು

ಒಳಗೆ ಹಳೆಯ ರೋಲು ಇರಬಹುದು. ಎಡಗಡೆ ಮೇಲಿರುವ ರೋಲು ಸುತ್ತುವ ಹಿಡಿಯನ್ನು ಬಾಣದ ಗುರುತಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಬೇಕು. ಸಲೀಸಾಗಿ ಸುತ್ತುತ್ತಲೇ ಇದ್ದರೆ ಖಾಲಿ. ಕಾಲು ಸುತ್ತಿಗೇ ಬಿಗಿಯಾದರೆ ಒಳಗೆ ಫಿಲ್ಮ್ ಇದೆ. ಆಗ ತಳದ ಚಿಕ್ಕ ಗುಂಡಿ ಒತ್ತಿ, ಅವಸರವಿಲ್ಲದೆ ಸುತ್ತಬೇಕು. ಒಣಗಿದ ಹಳೆಯ ಫಿಲ್ಮನ್ನು ಜೋರಾಗಿ ಎಳೆದರೆ ಹರಿಯುತ್ತದೆ. ಬಿಗಿ ಪೂರ್ತಿ ಸಡಿಲವಾದ ಮೇಲೆ ಎರಡು ಸುತ್ತು ಹೆಚ್ಚು ಸುತ್ತಿ ಬಾಗಿಲು ತೆರೆಯಬಹುದು.

ಹಾಗೆ ಸಿಕ್ಕ ರೋಲನ್ನು ಎಸೆಯಬೇಡಿ. ಕಪ್ಪು-ಬಿಳುಪಿನದಾದರೆ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲೇ ಆಗಿದ್ದರೂ, ಏನಾದರೂ ಚಿತ್ರ ಉಳಿದಿರುವ ಸಾಧ್ಯತೆ ಇದೆ. ಬಣ್ಣದ ರೋಲು ತುಂಬ ಹಳೆಯದಾದರೆ ಬಣ್ಣಗಳ ಲೆಕ್ಕ ತಪ್ಪಿಹೋಗಿರುತ್ತದೆ. ಅಂಥದ್ದನ್ನು ಮನೆಯಲ್ಲಿ ಕಪ್ಪು-ಬಿಳುಪಿನ ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ದ್ರಾವಣ) ತೊಳೆದರೆ ಕಿತ್ತಳೆ ಮಬ್ಬಿನ ಹಿಂದೆ ಆಕೃತಿಯಾದರೂ ಸಿಗುತ್ತದೆ. ಮನೆಯಲ್ಲಿ ತೊಳೆಯುವುದು ಕೈಗೆ ಕೂರುವವರೆಗೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಮೊದಲ ಪ್ರಯೋಗಕ್ಕೆ ಆ ರೋಲನ್ನು ಬಲಿಕೊಡುವುದು ಬೇಡ.

ಮುಂದಿನದು ಸೆಲ್ಲಿನ ಕೋಣೆ. ಎಫ್‌ಎಂ10ಕ್ಕೆ ಎರಡು ಎಲ್‌ಆರ್44 ಗುಂಡಿ ಸೆಲ್ ಬೇಕು, ಕೆ1000ಕ್ಕೆ ಒಂದು ಸಾಕು. ಮರೆತುಬಿಟ್ಟ ಆಲ್ಕಲೈನ್ ಸೆಲ್ ಸೋರಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿರುತ್ತದೆ. ಅದು ಕ್ಷಾರ, ಆದ್ದರಿಂದ ಹುಳಿಯಿಂದ ಕರಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿದೆ. ಹನಿ ಒಳಗಿಳಿಯಬಾರದು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಇನ್ನೊಮ್ಮೆ ಒರೆಸಿ, ಒಣಗಿದ ಮೇಲೆ ಪೆನ್ಸಿಲ್ ರಬ್ಬರಿನಿಂದ ತಗಡನ್ನು ಹೊಳೆಯುವವರೆಗೆ ಉಜ್ಜಿದೆ. ಇಷ್ಟಾದರೂ ಮೀಟರ್ ಎದ್ದೇಳದಿದ್ದರೆ ತುಕ್ಕು ತಂತಿಯೊಳಗೆ ಹೋಗಿದೆ ಎಂದರ್ಥ. ಅದು ರಿಪೇರಿಯವರ ಕೆಲಸ. ಮೀಟರ್ ಇಲ್ಲದೆಯೂ ಕ್ಯಾಮರಾ ಓಡುತ್ತದೆ, ಅದರಿಂದ ಕೆಲಸ ನಿಲ್ಲಿಸಬೇಕಿಲ್ಲ. ಕೆ1000 ಮೀಟರಿಗೆ ಆರಿಸುವ ಸ್ವಿಚ್ ಇಲ್ಲ. ಲೆನ್ಸಿನ ಮುಚ್ಚಳ ಹಾಕದೆ ಇಟ್ಟರೆ ಬೆಳಕು ಇರುವಷ್ಟು ಹೊತ್ತೂ ಸೆಲ್ ಕರಗುತ್ತಿರುತ್ತದೆ.

ಫೋಮು

ಹಿಂಬಾಗಿಲಿನ ಅಂಚಿನ ಸೀಳುಗಳಲ್ಲಿ, ಕೀಲಿನ ಬದಿಯಲ್ಲಿ ಮತ್ತು ಕನ್ನಡಿ ಮೇಲೆದ್ದಾಗ ತಾಗುವ ಜಾಗದಲ್ಲಿ ಕಪ್ಪು ಫೋಮು ಇರುತ್ತದೆ. ನಮ್ಮ ಸೆಕೆಯಲ್ಲಿ ಅದು ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ, ಇಲ್ಲವೇ ಮುಟ್ಟಿದರೆ ಮಸಿಯಂತೆ ಉದುರುತ್ತದೆ. ಎರಡೂ ಅಪಾಯಕಾರಿ. ಉದುರಿದ ಹುಡಿ ಶಟರಿನ ತೆಳು ತಗಡುಗಳ ನಡುವೆ ಸೇರಿದರೆ ಶಟರೇ ಸಿಕ್ಕಿಕೊಳ್ಳುತ್ತದೆ.

ತೆಗೆಯಲು ಲೋಹದ ಉಪಕರಣ ಬೇಡ. ಹಲ್ಲುಕಡ್ಡಿಯ ತುದಿಯನ್ನು ಉಳಿಯಂತೆ ಚಪ್ಪಟೆ ಮಾಡಿಕೊಂಡು, ಆಲ್ಕೋಹಾಲ್ ಹಚ್ಚಿ ಐದು ನಿಮಿಷ ಬಿಟ್ಟು, ಕ್ಯಾಮರಾವನ್ನು ತಲೆಕೆಳಗಾಗಿ ಹಿಡಿದು ಹೊರಮುಖವಾಗಿ ಕೆರೆಯಬೇಕು. ಶಟರಿನ ಮೇಲೆ ಒಂದು ಕಾಗದದ ಪಟ್ಟಿ ಅಡ್ಡವಿರಲಿ, ಆದರೆ ಶಟರಿಗೆ ಒತ್ತಬಾರದು. ಸೀಳುಗಳಿಗೆ ಕಪ್ಪು ಉಣ್ಣೆ ನೂಲನ್ನು ತುಂಬಿದೆ. ಸ್ವೆಟರ್ ಹೆಣೆಯುವ ನೂಲು ಸಾಕು, ಅಂಟೂ ಬೇಕಿಲ್ಲ, ಬೆಳಕನ್ನು ಫೋಮಿನಷ್ಟೇ ತಡೆಯುತ್ತದೆ. ಕೀಲಿನ ಬದಿಗೆ ಹಿಂಬದಿ ಅಂಟಿರುವ ಕಪ್ಪು ಮಖಮಲ್ ಪಟ್ಟಿ. ಕನ್ನಡಿ ತಾಗುವ ಜಾಗಕ್ಕೆ ಮಾತ್ರ ನಿಜವಾದ ಮೆದು ಫೋಮು ಹಾಕಲೇಬೇಕು, ಸುಮಾರು 3 ಮಿ.ಮೀ. ದಪ್ಪದ್ದು. ಅದು ಏಟು ತಡೆಯುವ ಮೆತ್ತೆ. ಅಲ್ಲಿ ಗಟ್ಟಿ ವಸ್ತು ಹಾಕಿದರೆ ಕನ್ನಡಿಯ ಅಂಚು ಒಡೆಯಬಹುದು. ಈ ಕೆಲಸದಲ್ಲಿ ಕನ್ನಡಿಗೂ ಅದರ ಮೇಲಿನ ಮಬ್ಬುಗಾಜಿಗೂ ಬೆರಳು, ಹತ್ತಿ ಏನೂ ತಾಗಬಾರದು. ಕನ್ನಡಿಯ ಲೇಪನ ಮುಂಭಾಗದಲ್ಲೇ ಇರುವುದರಿಂದ ಒರೆಸಿದರೆ ಗೀರು ಬೀಳುತ್ತದೆ. ಗಾಳಿ ಊದುವ ರಬ್ಬರ್ ಬುಗ್ಗೆ ಒಂದೇ ಸಾಕು.

ಲೆನ್ಸಿನ ಬೂಷ್ಟು

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದೇ ದೊಡ್ಡ ಶತ್ರು. ಗಾಳಿಯ ತೇವ ಶೇಕಡಾ 65–70 ದಾಟಿ ಬಹುಕಾಲ ನಿಂತರೆ ಗಾಜಿನ ಮೇಲೆ ಬೂಷ್ಟು ಬೇರುಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಶೇಕಡಾ 80–90 ಮಾಮೂಲು. ಕ್ಯಾಮರಾದ ಜೊತೆ ಬಂದ ಚರ್ಮದ ಚೀಲದಲ್ಲೇ ಇಟ್ಟಿದ್ದರೆ ಇನ್ನೂ ಬೇಗ. ಚರ್ಮ ನೀರು ಹೀರಿಕೊಂಡು ಬೂಷ್ಟಿಗೆ ಅನ್ನವೂ ನೀರೂ ಒದಗಿಸುತ್ತದೆ. ಆ ಚೀಲವನ್ನು ಮೊದಲು ಬೇರೆ ಮಾಡಿ.

ನೋಡುವ ಕ್ರಮ ಹೀಗೆ: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿ) ಪೂರ್ತಿ ತೆರೆದು, ಕತ್ತಲ ಕೋಣೆಯಲ್ಲಿ ಹಿಂಬದಿಯಿಂದ ಟಾರ್ಚ್ ಹಿಡಿದು ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು. ಹೊಗೆಯಂಥ ಸಮನಾದ ಮಬ್ಬು ಒಳಗಿನ ಗ್ರೀಸಿನ ಆವಿ. ನಾಲ್ಕಾರು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ, ಅದರ ಗೊಡವೆಗೆ ಹೋಗಬೇಡಿ. ಬೂಷ್ಟು ಮುಂದಿನ ಅಥವಾ ಹಿಂದಿನ ಹೊರಗಾಜಿನಲ್ಲೇ ಇದ್ದರೆ, ಔಷಧಿ ಅಂಗಡಿಯ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡನ್ನು ಲೆನ್ಸ್ ಕಾಗದಕ್ಕೆ ಎರಡು ಹನಿ ಹಾಕಿ ಮೃದುವಾಗಿ ವರ್ತುಲದಲ್ಲಿ ಒರೆಸಿ, ತಕ್ಷಣ ಇನ್ನೊಂದು ಕಾಗದದಿಂದ ಒಣಗಿಸುವುದು. ಬೂಷ್ಟು ಹೋದ ಮೇಲೂ ಗುರುತು ಉಳಿದಿದ್ದರೆ ಅದು ಲೇಪನವನ್ನು ತಿಂದಿದೆ ಎಂದರ್ಥ, ಆ ಕಲೆ ಹೋಗುವುದಿಲ್ಲ. ಸೂರ್ಯನಿಗೆ ಎದುರಾಗಿ ತೆಗೆಯದಿದ್ದರೆ ಅದರ ತೊಂದರೆ ಅಷ್ಟಾಗಿ ಕಾಣುವುದೂ ಇಲ್ಲ. ಒಳಗಾಜಿನಲ್ಲಿ ಬೂಷ್ಟು ಹಬ್ಬಿದ್ದರೆ 50 ಮಿ.ಮೀ.ನಂಥ ಸಾಮಾನ್ಯ ಲೆನ್ಸಿನ ಮಟ್ಟಿಗೆ ಇನ್ನೊಂದು ಹಳೆಯ ಲೆನ್ಸ್ ಕೊಳ್ಳುವುದೇ ಲಾಭ.

‘ಬಿಸಿಲಿಗಿಟ್ಟರೆ ಬೂಷ್ಟು ಸಾಯುತ್ತದೆ’ ಎಂಬ ಮಾತು ಎಲ್ಲರೂ ಹೇಳುತ್ತಾರೆ. ನಾನು ಮಾಡುವುದಿಲ್ಲ. ಕಾದ ಲೆನ್ಸಿನ ಗ್ರೀಸು ಕರಗಿ ಅಪರ್ಚರಿನ ಎಲೆಗಳಿಗೆ ಹರಿಯುತ್ತದೆ. ಎಣ್ಣೆ ತಾಗಿದ ಎಲೆಗಳು ತಡವಾಗಿ ಮುಚ್ಚಿಕೊಂಡು ಎಲ್ಲ ಚಿತ್ರಗಳೂ ಬೆಳಕು ಹೆಚ್ಚಾಗಿ ಹಾಳಾಗುತ್ತವೆ. ಅದೂ ಅಲ್ಲದೆ ಬಿಸಿಲಿಗಿಟ್ಟ ಲೆನ್ಸ್ ಎಂದರೆ ಭೂತಗನ್ನಡಿ, ಪಕ್ಕದ ಬಟ್ಟೆಗೆ ಬೆಂಕಿ ಹತ್ತಿಸಬಲ್ಲದು. ಎಲೆಗಳನ್ನು ಪರೀಕ್ಷಿಸಲು ಲೆನ್ಸಿನ ಹಿಂದಿನ ಸಣ್ಣ ಸನ್ನೆಯನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿ: ‘ಟಕ್’ ಎಂದು ಒಂದೇ ಸಲಕ್ಕೆ ಮುಚ್ಚಬೇಕು.

ಶಟರಿನ ಪರೀಕ್ಷೆ

ಬಹುಕಾಲ ಓಡದ ಶಟರ್ ನಿಧಾನ ವೇಗಗಳಲ್ಲಿ ತೊದಲುತ್ತದೆ. 1 ಸೆಕೆಂಡಿನಿಂದ 1/8ರವರೆಗೆ ಒಂದೊಂದರಲ್ಲೂ ಐವತ್ತು ಸಲ ಖಾಲಿ ಓಡಿಸಿದೆ. ಹೀಗೆ ಓಡಿಸುವುದರಿಂದಲೇ ಎಷ್ಟೋ ಯಂತ್ರ ಸರಿಯಾಗುತ್ತವೆ. ಎಣ್ಣೆ ಮಾತ್ರ ಬಿಡಬೇಡಿ, ಹೊಲಿಗೆ ಯಂತ್ರದ್ದಾಗಲಿ ತುಕ್ಕು ಬಿಡಿಸುವ ಸ್ಪ್ರೇ ಆಗಲಿ. ಎಲ್ಲೆಡೆ ಹರಡಿದ ಎಣ್ಣೆಯನ್ನು ತೆಗೆಯುವುದು ರಿಪೇರಿಯವರಿಗೂ ಕಷ್ಟ.

ಅಳೆಯಲು ಮೊಬೈಲು ಸಾಕು. ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಕ್ಯಾಮರಾದ ಮುಖವನ್ನು ಬೆಳಕಿನ ಕಿಟಕಿಗೆ ಹಿಡಿದು, ಹಿಂದಿನಿಂದ ಸೆಕೆಂಡಿಗೆ 240 ಫ್ರೇಮಿನ ನಿಧಾನಗತಿ ವಿಡಿಯೋ ತೆಗೆಯಿರಿ. ಆಮೇಲೆ ಒಂದೊಂದೇ ಫ್ರೇಮು ಸರಿಸುತ್ತ, ಬೆಳಕು ಕಂಡ ಫ್ರೇಮು ಎಣಿಸಿ. 1/15ಕ್ಕೆ 16, 1/30ಕ್ಕೆ 8, 1/60ಕ್ಕೆ 4 ಬರಬೇಕು. 1/30ಕ್ಕೆ ಹತ್ತು ಬಂದರೆ ಮೂರನೇ ಒಂದು ಸ್ಟಾಪ್ ನಿಧಾನ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ), ಕಪ್ಪು-ಬಿಳುಪಿನಲ್ಲಿ ಅದು ಲೆಕ್ಕಕ್ಕಿಲ್ಲ. ಹದಿನಾರು ಬಂದರೆ ಪೂರ್ತಿ ಒಂದು ಸ್ಟಾಪ್, ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಅಪರ್ಚರಿನಲ್ಲಿ ಸರಿಹೊಂದಿಸಬೇಕು. 1/60ಕ್ಕಿಂತ ಚುರುಕಾದ ವೇಗಗಳನ್ನು ಮೊಬೈಲಿನಿಂದ ನಂಬಿ ಅಳೆಯಲಾಗದು. ಅವಕ್ಕೆ ಫಿಲ್ಮೇ ಸಾಕ್ಷಿ.

ಹಾಗಾಗಿ ಮೊದಲ ರೋಲು ಪರೀಕ್ಷೆಗೇ ಮೀಸಲು. ಇದನ್ನು ದಂಡ ಎಂದುಕೊಳ್ಳುವವರಿಗೆ ನಾನು ಹೇಳುವುದಿಷ್ಟು: ಈ ಒಂದು ರೋಲು ಮುಂದಿನ ಹತ್ತು ರೋಲುಗಳ ಅನುಮಾನ ಕಳೆಯುತ್ತದೆ. ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ) 400ರ ಫಿಲ್ಮ್ ಹಾಕಿ, ನೇರ ಬಿಸಿಲು ಬಿದ್ದ ಒಂದೇ ಗೋಡೆಯನ್ನು 1/250–ಎಫ್ 22, 1/500–ಎಫ್ 16, 1/1000–ಎಫ್ 11, 1/2000–ಎಫ್ 8 ಎಂದು ನಾಲ್ಕು ಸಲ ತೆಗೆದೆ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಅಪರ್ಚರ್ ಕಿರಿದು, ಹಾಗಾಗಿ ನಾಲ್ಕರಲ್ಲೂ ಸೇರುವ ಬೆಳಕು ಒಂದೇ, ನೆಗೆಟಿವಿನಲ್ಲಿ ನಾಲ್ಕೂ ಒಂದೇ ದಟ್ಟವಾಗಿರಬೇಕು. ಯಾವುದು ಬೇರೆಯಾಗಿ ಕಂಡಿತೋ ಆ ವೇಗ ತಪ್ಪಿದೆ. ಒಂದು ಬದಿ ದಟ್ಟ, ಇನ್ನೊಂದು ಬದಿ ತೆಳುವಾಗಿದ್ದರೆ ಶಟರಿನ ಎರಡು ಪರದೆಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ. ಸಂಜೆ ನೆರಳಿನಲ್ಲಿ ಇದೇ ಆಟವನ್ನು 1/30–ಎಫ್ 8ರಿಂದ 1/250–ಎಫ್ 2.8ರವರೆಗೆ ಮಾಡಬೇಕು. ಪ್ರತಿ ಸರಣಿಯ ನಡುವೆ ಮುಚ್ಚಳ ಹಾಕಿ ಒಂದು ಖಾಲಿ ಫ್ರೇಮು ಬಿಟ್ಟರೆ ಆಮೇಲೆ ಗುರುತು ಹಿಡಿಯುವುದು ಸುಲಭ. ಕೊನೆಗೆ ಕ್ಯಾಮರಾವನ್ನು ಮುಚ್ಚಳ ಸಮೇತ ಬಿಸಿಲಿನಲ್ಲಿ ಐದು ನಿಮಿಷ ಎಲ್ಲ ಬದಿ ತಿರುಗಿಸಿ ಹಿಡಿಯಿರಿ. ಫೋಮಿನ ಕೆಲಸದಲ್ಲಿ ಸಂದು ಉಳಿದಿದ್ದರೆ ಆ ಫ್ರೇಮಿನಲ್ಲಿ ಸಿಕ್ಕಿಬೀಳುತ್ತದೆ.

ರೋಲು ಹಾಕುವಾಗ ಒಂದು ಕಣ್ಣು ಎಡಗಡೆಯ ಹಿಡಿಯ ಮೇಲಿರಲಿ. ಫಿಲ್ಮ್ ಮುಂದಕ್ಕೆ ಎಳೆದಾಗಲೆಲ್ಲ ಅದು ತಿರುಗಬೇಕು. ತಿರುಗದಿದ್ದರೆ ಫಿಲ್ಮಿನ ಮುಂತುದಿಯ ನಾಲಿಗೆ ಹಲ್ಲಿಗೆ ಕಚ್ಚಿಲ್ಲ, ಎಣಿಕೆ ಮಾತ್ರ ಓಡುತ್ತಿದೆ. ಫ್ರಿಜ್‌ನಿಂದ ತೆಗೆದ ರೋಲನ್ನು ಡಬ್ಬಿ ತೆರೆಯದೆ ಎರಡು ಗಂಟೆ ಹೊರಗಿಟ್ಟು ಆಮೇಲೆ ಬಿಚ್ಚಬೇಕು, ಇಲ್ಲದಿದ್ದರೆ ಫಿಲ್ಮಿನ ಮೇಲೆ ಇಬ್ಬನಿ ಕೂರುತ್ತದೆ.

ನಮ್ಮ ಬಿಸಿಲು, ನಮ್ಮ ಜಗಲಿ

ಮೀಟರ್ ಯಾವುದನ್ನು ಕಂಡರೂ ನಡುಬೂದು ಎಂದೇ ತಿಳಿಯುತ್ತದೆ. ಬಿಳಿ ಪಂಚೆ ಉಟ್ಟವರನ್ನು ಅಳೆದರೆ ಪಂಚೆ ಬೂದಾಗಿ ಮುಖ ಕಪ್ಪಾಗುತ್ತದೆ. ಕಪ್ಪು ಎಮ್ಮೆಯನ್ನು ಅಳೆದರೆ ಎಮ್ಮೆ ಬೂದಾಗಿ ಬಯಲು ಬೆಳ್ಳಗೆ ಹಾರಿಹೋಗುತ್ತದೆ. ನಾನು ಬಳಸುವ ಉಪಾಯ ಅಂಗೈ. ಮೈಬಣ್ಣ ಏನೇ ಇರಲಿ, ಅಂಗೈ ನಡುಬೂದಿಗಿಂತ ಹೆಚ್ಚುಕಡಿಮೆ ಒಂದು ಸ್ಟಾಪ್ ಬೆಳಕಾಗಿರುತ್ತದೆ. ಚಿತ್ರದ ವ್ಯಕ್ತಿಯ ಮೇಲೆ ಬೀಳುವ ಬೆಳಕೇ ಅಂಗೈ ಮೇಲೆ ಬೀಳುವಂತೆ ಹಿಡಿದು ಅಳೆದು, ಒಂದು ಸ್ಟಾಪ್ ಹೆಚ್ಚು ತೆರೆದರೆ ಆಯಿತು. ಹುಲ್ಲು, ಹಳೆಯ ಬೂದುಗಲ್ಲಿನ ಗೋಡೆ ಇವೂ ನಡುಬೂದಿಗೆ ಹತ್ತಿರ, ಅಳತೆಗೆ ಒಳ್ಳೆಯವು.

ಮೀಟರ್ ಇಲ್ಲದವರಿಗೆ ಲೆಕ್ಕ: ಐಎಸ್‌ಒ 400ರಲ್ಲಿ 1/500 ಇಟ್ಟುಕೊಂಡರೆ, ಸ್ವಚ್ಛ ಬಿಸಿಲಿಗೆ ಎಫ್ 16, ನೆರಳು ಬೀಳದ ಮೋಡಕ್ಕೆ ಎಫ್ 8, ಮಳೆಗಾಲದ ದಟ್ಟ ಮೋಡಕ್ಕೆ ಎಫ್ 5.6, ಬಿಸಿಲ ದಿನದ ಮನೆ ನೆರಳಿಗೆ ಎಫ್ 4. ಅನುಮಾನ ಬಂದಾಗ ಅರ್ಧ ಸ್ಟಾಪ್ ಹೆಚ್ಚು ಕೊಡಿ. ನೆಗೆಟಿವ್ ಫಿಲ್ಮ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆಯನ್ನು ಸಹಿಸುವುದಿಲ್ಲ. ನೆರಳಿನಲ್ಲಿ ದಾಖಲಾಗದ ವಿವರ ಯಾವ ತಂತ್ರದಿಂದಲೂ ಬರುವುದಿಲ್ಲ.

ಬೇಸಿಗೆಯ ಹನ್ನೊಂದರಿಂದ ಮೂರರವರೆಗೆ ಬಯಲಿನಲ್ಲಿ ಮುಖ ತೆಗೆಯುವುದನ್ನು ಬಿಟ್ಟಿದ್ದೇನೆ. ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ. ಆದರೆ ಅದೇ ಹೊತ್ತಿನಲ್ಲಿ ಜಗಲಿಯ ಬೆಳಕಿನಷ್ಟು ಚಂದದ್ದು ಬೇರೆ ಇಲ್ಲ: ಅಂಗಳದ ಬಿಸಿಲು ನೆಲದಿಂದ ಪುಟಿದು, ಮಾಡಿನ ನೆರಳಲ್ಲಿ ಕೂತವರ ಮುಖಕ್ಕೆ ಕೆಳಗಿನಿಂದ ಮೃದುವಾಗಿ ಬೀಳುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ ಅವರು ಸಾಮಾನ್ಯ ಜನರ ದಿನನಿತ್ಯವನ್ನು ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು ಬೆಳಕಿನ ದಿಕ್ಕಿಗಾಗಿಯೇ ಒಮ್ಮೆ ನೋಡಿ. ಮುಖದ ಯಾವ ಬದಿ ನೆರಳಾಗಿದೆ, ಆ ನೆರಳಿನ ಅಂಚು ಗಡುಸೋ ಮೃದುವೋ ಎಂದು ಚಿತ್ರಕ್ಕೊಂದು ಸಾಲು ಬರೆದುಕೊಂಡರೆ, ಮರೆತುಹೋದ ಕಣ್ಣು ಬೇಗ ಮರಳುತ್ತದೆ. ನನಗೆ ಯಾವ ಹೊಸ ಲೆನ್ಸಿಗಿಂತಲೂ ಇದು ಹೆಚ್ಚು ಕೊಟ್ಟಿದೆ.

ಪರೀಕ್ಷೆಯ ರೋಲಿನ ನಂತರದ ಆರು ರೋಲುಗಳಿಗೆ ನಾನು ಹಾಕಿಕೊಂಡ ಕಟ್ಟು: ಒಂದೇ ಲೆನ್ಸ್, ಒಂದೇ ಫಿಲ್ಮ್, ಒಂದೇ ಡೆವಲಪರ್, ತಿಂಗಳಿಗೆ ಒಂದು ರೋಲು, ನಡೆದು ತಲುಪುವ ಜಾಗಗಳು ಮಾತ್ರ. ಲೆನ್ಸ್, ಫಿಲ್ಮ್, ಡೆವಲಪರ್ ಮೂರೂ ಬದಲಾಗುತ್ತಿದ್ದರೆ ತಪ್ಪು ಎಲ್ಲಿ ಆಯಿತು ಎಂದು ಕಂಡುಹಿಡಿಯಲಾಗದು. ಸಂತೆಯಂಥ ಕಡೆ ಫೋಕಸ್ ಹುಡುಕುತ್ತ ಕೂರುವ ಬದಲು ಎಫ್ 11 ಇಟ್ಟು 4 ಮೀಟರಿಗೆ ನಿಲ್ಲಿಸಿಬಿಡುತ್ತೇನೆ. 50 ಮಿ.ಮೀ. ಲೆನ್ಸಿನಲ್ಲಿ ಆಗ ಸುಮಾರು 2.6ರಿಂದ 8.5 ಮೀಟರ್‌ವರೆಗೆ ಎಲ್ಲವೂ ಚೂಪು. ಪ್ರತಿ ಫ್ರೇಮಿಗೆ ವೇಗ, ಅಪರ್ಚರ್ ಮತ್ತು ಬೆಳಕು ಎಂಥದ್ದು ಎಂಬುದನ್ನು ಜೇಬಿನ ಪುಸ್ತಕದಲ್ಲಿ ಬರೆಯುವುದು ಮೊದಲು ಕಿರಿಕಿರಿ ಎನಿಸಬಹುದು. ನೆಗೆಟಿವ್ ಕೈಗೆ ಬಂದ ದಿನ ಆ ಪುಸ್ತಕದ ಬೆಲೆ ಗೊತ್ತಾಗುತ್ತದೆ.

ರೀಲು ತೊಳೆಯುವುದು

ಮನೆಯಲ್ಲಿ ತೊಳೆಯದಿದ್ದರೆ ಈ ಹವ್ಯಾಸ ಅರ್ಧವೇ ಮರಳಿದಂತೆ. ಕತ್ತಲ ಕೋಣೆ ಬೇಕಿಲ್ಲ, ಕೈ ತೂರಿಸುವ ಕಪ್ಪು ಚೀಲ, ಮುಚ್ಚಳದ ಟ್ಯಾಂಕು ಸಾಕು. ನನ್ನದು ಫಿಲ್ಮ್ ಏರಿಸುವ ಎರಡು ಸುರುಳಿ ಹಿಡಿಯುವ ಪ್ಯಾಟರ್ಸನ್ ಟ್ಯಾಂಕು. ಫಿಲ್ಮ್ ಇಲ್ಫರ್ಡ್ ಎಚ್‌ಪಿ5 ಪ್ಲಸ್. ಡೆವಲಪರ್ ಕೈಯಾರೆ ಕಲಸಿದ ಡಿ-76.

ಒಂದು ಲೀಟರ್ ಡಿ-76ಕ್ಕೆ ಬೇಕಾದದ್ದು ಮೆಟಾಲ್ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಪ್ರಯೋಗಾಲಯದ ರಾಸಾಯನಿಕ ಮಾರುವ ಅಂಗಡಿಗಳಲ್ಲಿ ಕೇಳಿ. ಅಲ್ಲಿ ಎರಡು ಎಚ್ಚರ ಬೇಕು. ಸಲ್ಫೈಟ್ ಎಂದು ಕೇಳಿದರೆ ಸಲ್ಫೇಟ್ ಕಟ್ಟಿಕೊಡಬಹುದು, ಚೀಟಿ ಓದದೆ ತರಬೇಡಿ. ಸಲ್ಫೇಟ್‌ನಿಂದ ಡೆವಲಪರ್ ಆಗುವುದಿಲ್ಲ. ಹರಳಿನ ರೂಪದ ಹೆಪ್ಟಾಹೈಡ್ರೇಟ್ ಸಲ್ಫೈಟ್ ಕೊಟ್ಟರೆ 100ರ ಬದಲು 200 ಗ್ರಾಂ ಹಾಕಬೇಕು, ಅದರ ತೂಕದಲ್ಲಿ ಅರ್ಧ ನೀರೇ ಇದೆ. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇಲ್ಲದೆ ಮೆಟಾಲ್ ತೂಗಲಾಗದು. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ ಎಬ್ಬಿಸುತ್ತದೆ, ಆದ್ದರಿಂದ ಕೈಗವಸು ಬೇಕೇ ಬೇಕು. ಅಡುಗೆಮನೆಯ ಪಾತ್ರೆ ಸೌಟುಗಳನ್ನು ಇದಕ್ಕೆ ಬಳಸಬಾರದು.

750 ಮಿ.ಲೀ. ನೀರನ್ನು 50 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ, ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಬೋರಾಕ್ಸ್. ಕ್ರಮ ಹಿಂದುಮುಂದಾಗಬಾರದು: ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗುವುದೇ ಇಲ್ಲ. ಮೊದಲ ಚಿಟಿಕೆ ಸಲ್ಫೈಟ್ ಇಲ್ಲದಿದ್ದರೆ ಗಾಳಿ ತಾಗಿ ಮೆಟಾಲ್ ಕೆಡುತ್ತದೆ. ತಣ್ಣೀರು ಸೇರಿಸಿ ಒಂದು ಲೀಟರ್ ಮಾಡಿ, ಕಂದು ಬಾಟಲಿಗಳಲ್ಲಿ ಕಂಠದವರೆಗೆ ತುಂಬಿಸಿ ಒಂದು ದಿನ ಬಿಟ್ಟು ಬಳಸುತ್ತೇನೆ. ತುಂಬಿದ ಬಾಟಲಿ ಆರು ತಿಂಗಳು ನಿಲ್ಲುತ್ತದೆ. ಅರ್ಧ ಖಾಲಿ ಬಾಟಲಿಯ ಆಯುಸ್ಸು ಬಹಳ ಕಡಿಮೆ, ಅದಕ್ಕಾಗಿ 250 ಮಿ.ಲೀ.ಯ ಚಿಕ್ಕ ಬಾಟಲಿಗಳೇ ಅನುಕೂಲ. ಒಂದು ಬಾಟಲಿಗೆ ಒಂದು ರೋಲು.

ಪುಸ್ತಕಗಳಲ್ಲಿ ಎಲ್ಲ ಸಮಯಗಳೂ 20 ಡಿಗ್ರಿಗೆ. ನಮ್ಮ ತೊಟ್ಟಿಯ ನೀರು ಏಪ್ರಿಲ್‌ನಲ್ಲಿ 30ರ ಹತ್ತಿರ. ಅಷ್ಟು ಬಿಸಿಯಲ್ಲಿ ಸಮಯ ನಾಲ್ಕು ನಿಮಿಷಕ್ಕಿಂತ ಕೆಳಗಿಳಿದು, ಆಕಾಶದಂಥ ಸಮತಲದ ಜಾಗಗಳು ಪಟ್ಟೆಪಟ್ಟೆಯಾಗುತ್ತವೆ. ನಾನು 24 ಡಿಗ್ರಿಗೆ ನಿಂತಿದ್ದೇನೆ. ಬಯಲುಸೀಮೆಯಲ್ಲಿ ಮಣ್ಣಿನ ಹೂಜಿಯಲ್ಲಿ ರಾತ್ರಿಯಿಡೀ ಇಟ್ಟ ನೀರು ಎಷ್ಟೋ ಸಲ ತಾನಾಗಿ ಅಲ್ಲಿಗೆ ಬಂದಿರುತ್ತದೆ. ಗಾಳಿಯೇ ಒದ್ದೆಯಾಗಿರುವ ಕರಾವಳಿಯಲ್ಲಿ ಹೂಜಿ ಅಷ್ಟು ತಣಿಸುವುದಿಲ್ಲ, ಅಲ್ಲಿ ಬಕೆಟ್ಟಿಗೆ ಐಸು ಹಾಕಿ ಬಾಟಲಿಗಳನ್ನು ನಿಲ್ಲಿಸಬೇಕು. ಡೆವಲಪರ್, ಫಿಕ್ಸರ್ (ಮೂಡಿದ ಚಿತ್ರವನ್ನು ಕಾಯಂ ಮಾಡುವ ದ್ರಾವಣ), ತೊಳೆಯುವ ನೀರು ಎಲ್ಲವೂ ಆ ಬಕೆಟ್ಟಿನಲ್ಲೇ ಇದ್ದು ಎರಡು ಡಿಗ್ರಿಯೊಳಗಿನ ಅಂತರದಲ್ಲಿರಲಿ.

ಎಚ್‌ಪಿ5 ಪ್ಲಸ್‌ಗೆ ಡಿ-76 ಸಮಪಾಲು ನೀರು ಬೆರೆಸಿದಾಗ 20 ಡಿಗ್ರಿಯಲ್ಲಿ 11 ನಿಮಿಷ, 24ರಲ್ಲಿ ಸುಮಾರು ಏಳೂವರೆ. ಒಂದು ರೋಲಿಗೆ ಟ್ಯಾಂಕು ಕೇಳುವುದು 290 ಮಿ.ಲೀ. ಮಾತ್ರ, ಆದರೂ ನಾನು 250 ಡೆವಲಪರ್‌ಗೆ 250 ನೀರು ಸೇರಿಸಿ 500 ಹಾಕುತ್ತೇನೆ, ಮೇಲೆ ಖಾಲಿ ಸುರುಳಿ ಇಟ್ಟು. 145 ಮಿ.ಲೀ. ಡೆವಲಪರ್‌ನಲ್ಲಿ ಒಂದು ಪೂರ್ತಿ ರೋಲಿಗೆ ಸಾಲುವಷ್ಟು ಕಸುವು ಇರುವುದಿಲ್ಲ. ಅಷ್ಟರಲ್ಲೇ ಮಾಡಬೇಕೆಂದರೆ ಸಮಯ ಶೇಕಡಾ 10 ಹೆಚ್ಚಿಸಿ.

ಅತಿ ಹೆಚ್ಚು ರೋಲು ಹಾಳಾಗುವುದು ಕಪ್ಪು ಚೀಲದಲ್ಲಿ. ಸುರುಳಿ ಎಲುಬಿನಂತೆ ಒಣಗಿರಬೇಕು, ಒಂದು ಹನಿ ಇದ್ದರೂ ಫಿಲ್ಮ್ ಅಂಟಿ ನಿಲ್ಲುತ್ತದೆ. ಮಳೆಗಾಲದಲ್ಲಿ ಹೇರ್ ಡ್ರೈಯರ್ ಹಿಡಿದೇ ಶುರುಮಾಡುತ್ತೇನೆ. ನಾಲಿಗೆಯನ್ನು ಬೆಳಕಿನಲ್ಲೇ ನೇರ ಕತ್ತರಿಸಿ, ಎರಡು ಮೂಲೆಗಳನ್ನು ಕೊಂಚ ದುಂಡಗೆ ಮಾಡಿದರೆ ಸಲೀಸು. ಐದು ನಿಮಿಷಕ್ಕೂ ಏರದಿದ್ದರೆ ಜಗ್ಗಾಡಬೇಡಿ. ಕೈ ಬೆವರಿ ಚೀಲದೊಳಗೆ ಹಬೆ ಕಟ್ಟಿರುತ್ತದೆ. ಫಿಲ್ಮನ್ನು ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿದು, ಕೈ ಹೊರತೆಗೆದು ಒರೆಸಿಕೊಂಡು, ಫ್ಯಾನ್ ಕೆಳಗೆ ಹತ್ತು ನಿಮಿಷ ಕೂತು ಮತ್ತೆ ಪ್ರಯತ್ನಿಸಿ. ಒಂದು ಹಾಳು ರೋಲನ್ನು ಮೊದಲು ಕಣ್ಣು ಬಿಟ್ಟು, ಆಮೇಲೆ ಕಣ್ಣು ಮುಚ್ಚಿ ಇಪ್ಪತ್ತು ಸಲ ಏರಿಸಿ ಅಭ್ಯಾಸ ಮಾಡದೆ ನಿಜವಾದ ರೋಲು ಮುಟ್ಟಬಾರದು.

ಡೆವಲಪರ್ ಸುರಿದು ಟ್ಯಾಂಕನ್ನು ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ತಲೆಕೆಳಗು ಮಾಡಿ, ನೆಲಕ್ಕೆ ಎರಡು ಸಲ ಕುಟ್ಟಬೇಕು, ಗುಳ್ಳೆ ಬಿಡಲು. ಆಮೇಲೆ ಪ್ರತಿ ನಿಮಿಷದ ಆರಂಭಕ್ಕೆ ಮತ್ತೆ ನಾಲ್ಕು ಸಲ. ಸಮಯ ಮುಗಿಯಲು ಹತ್ತು ಸೆಕೆಂಡಿರುವಾಗ ಚೆಲ್ಲಲು ಶುರುಮಾಡಿ, ನೀರು ತುಂಬಿ ಮೂವತ್ತು ಸೆಕೆಂಡು ಅಲ್ಲಾಡಿಸಿ ಚೆಲ್ಲಿ, ರ‍್ಯಾಪಿಡ್ ಫಿಕ್ಸರ್ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿ ಐದು ನಿಮಿಷ. ಫಿಕ್ಸರ್ ಜೀವಂತವಿದೆಯೇ ಎಂದು ಮೊದಲೇ ನೋಡಿಕೊಳ್ಳಿ: ಕತ್ತರಿಸಿದ ನಾಲಿಗೆಯ ತುಂಡನ್ನು ಅದರಲ್ಲಿ ಹಾಕಿದರೆ ಎಷ್ಟು ಹೊತ್ತಿಗೆ ಪಾರದರ್ಶಕವಾಗುತ್ತದೋ ಅದರ ಎರಡರಷ್ಟು ಹೊತ್ತು ಕನಿಷ್ಠ ಬೇಕು. ಹೊಸತಿದ್ದಾಗಿನ ಸಮಯದ ದುಪ್ಪಟ್ಟು ತೆಗೆದುಕೊಂಡರೆ ಆ ಫಿಕ್ಸರಿನ ಕೆಲಸ ಮುಗಿಯಿತು.

ತೊಳೆಯಲು ನಲ್ಲಿ ಬಿಟ್ಟು ಕೂರಬೇಕಿಲ್ಲ. ಟ್ಯಾಂಕು ತುಂಬಿ 5 ಸಲ ಮಗುಚಿ ಚೆಲ್ಲುವುದು, ಮತ್ತೆ ತುಂಬಿ 10 ಸಲ, ಇನ್ನೊಮ್ಮೆ 20 ಸಲ. ಇಲ್ಫರ್ಡ್ ಹೇಳುವ ಈ ಕ್ರಮದಲ್ಲಿ ಎರಡು ಲೀಟರಿನೊಳಗೆ ಕೆಲಸ ಆಗುತ್ತದೆ. ನೀರಿಗೆ ಟ್ಯಾಂಕರ್ ಕಾಯುವ ಮನೆಗಳಿಗೂ ಇದು ಭಾರವಲ್ಲ. ಆದರೆ ಕೊನೆಯ ಮುಳುಗು ಕೊಳವೆಬಾವಿ ನೀರಿನದಾಗಬಾರದು, ಸುಣ್ಣದ ಚುಕ್ಕೆ ಒಣಗಿ ಕೂತರೆ ತೆಗೆಯುವುದು ಕಷ್ಟ. ಪೆಟ್ರೋಲ್ ಬಂಕ್‌ನಲ್ಲಿ ಸಿಗುವ ಬ್ಯಾಟರಿ ನೀರಿಗೆ (ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್) ಹನಿಯ ಕಲೆ ನಿಲ್ಲದಂತೆ ಮಾಡುವ ಫೋಟೋ-ಫ್ಲೋ ದ್ರವವನ್ನು 1:200ರ ಲೆಕ್ಕದಲ್ಲಿ ಬೆರೆಸಿ ಒಂದು ನಿಮಿಷ ಮುಳುಗಿಸಿ, ಒರೆಸದೆ, ಬಚ್ಚಲುಮನೆಯಲ್ಲಿ ಕೆಳಗೊಂದು ಕ್ಲಿಪ್ಪು ಭಾರ ಹಾಕಿ ತೂಗುಹಾಕುತ್ತೇನೆ. ಫ್ಯಾನ್ ಬೇಡ, ಧೂಳು ತರುತ್ತದೆ.

ಬಳಸಿ ಮುಗಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತದೆ. ಬಾವಿಯ ಬಳಿ, ಗಿಡದ ಬುಡಕ್ಕೆ ಚೆಲ್ಲಬಾರದು. ಕ್ಯಾನಿನಲ್ಲಿ ಸಂಗ್ರಹಿಸಿ ಕಬ್ಬಿಣದ ಸ್ಟೀಲ್ ವುಲ್ ಹಾಕಿಟ್ಟರೆ ಕೆಲವು ದಿನಗಳಲ್ಲಿ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಉಂಡೆಯಿಂದ ಇದು ಆಗುವುದಿಲ್ಲ.

ನೆಗೆಟಿವ್ ಏನು ಹೇಳುತ್ತದೆ

ತಪ್ಪಾದಾಗ ಮೊದಲು ನೋಡಬೇಕಾದದ್ದು ಅಂಚಿನ ಅಕ್ಷರಗಳನ್ನು. ಅವನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚು ಹಾಕಿರುತ್ತಾರೆ. ಅಕ್ಷರವೂ ಇಲ್ಲ, ಚಿತ್ರವೂ ಇಲ್ಲ ಎಂದರೆ ಡೆವಲಪರ್ ಸತ್ತಿತ್ತು ಅಥವಾ ಫಿಕ್ಸರನ್ನು ಮೊದಲು ಸುರಿದಿದ್ದೀರಿ. ಅಕ್ಷರ ಕಪ್ಪಗೆ ಸ್ಪಷ್ಟವಾಗಿದ್ದು ಚಿತ್ರವಿಲ್ಲದಿದ್ದರೆ ಫಿಲ್ಮ್ ಮುಂದೆ ಸರಿದೇ ಇಲ್ಲ, ಇಲ್ಲವೇ ಶಟರ್ ತೆರೆದಿಲ್ಲ. ಅಕ್ಷರ ಸರಿಯಿದ್ದು ಚಿತ್ರ ತೆಳುವಾಗಿದ್ದರೆ ಬೆಳಕು ಕಡಿಮೆ ಕೊಟ್ಟಿದ್ದೀರಿ. ಎರಡೂ ತೆಳುವಾಗಿದ್ದರೆ ಡೆವಲಪ್ ಆದದ್ದು ಸಾಲದು. ಅರ್ಧಚಂದ್ರದ ಗುರುತು ಸುರುಳಿಗೆ ಏರಿಸುವಾಗ ಫಿಲ್ಮ್ ಮಡಚಿದ್ದರಿಂದ. ಹಾಲಿನಂಥ ಮಬ್ಬಿದ್ದರೆ ಫಿಕ್ಸರ್ ಸಾಲಲಿಲ್ಲ, ಹೊಸ ಫಿಕ್ಸರಿನಲ್ಲಿ ಮತ್ತೆ ಅದ್ದಿದರೆ ಸರಿಹೋಗುತ್ತದೆ. ಹಲ್ಲುತೂತುಗಳ ಬದಿಯಿಂದ ಒಳಗೆ ಹರಿದ ಕಪ್ಪು ಬಂದರೆ ಮತ್ತೆ ಉಣ್ಣೆ ನೂಲಿನ ಕೆಲಸ.

ಕಂಪ್ಯೂಟರಿಗೆ ತರಲು ಸ್ಕ್ಯಾನರ್ ಕೊಳ್ಳಲಿಲ್ಲ. ಬಿಳಿ ಬೆಳಕಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು ಡಿಜಿಟಲ್ ಕ್ಯಾಮರಾದ ಮ್ಯಾಕ್ರೋ ಲೆನ್ಸಿನಿಂದ ಐಎಸ್‌ಒ 100, ಎಫ್ 8ರಲ್ಲಿ ತೆಗೆದು ಕಪ್ಪು-ಬಿಳುಪನ್ನು ತಿರುಗುಮುರುಗು ಮಾಡುತ್ತೇನೆ. ಟ್ಯಾಬ್ಲೆಟ್ ಪರದೆಯನ್ನೇ ಬೆಳಕಾಗಿ ಬಳಸುವುದಾದರೆ ಫಿಲ್ಮನ್ನು ಅದರಿಂದ ಐದಾರು ಸೆಂ.ಮೀ. ಎತ್ತರದಲ್ಲಿಡಿ, ಇಲ್ಲದಿದ್ದರೆ ಪರದೆಯ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ಕ್ಯಾಮರಾ ನೇರವಾಗಿದೆಯೇ ತಿಳಿಯಲು ಫಿಲ್ಮಿನ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಕಂಡರೆ ಸರಿ.

ಇನ್ನು ಇಡುವ ಜಾಗ. ಬೀರು ಬಿಟ್ಟು, ಅಡುಗೆಮನೆಗೆ ಸಿಗುವ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ ತಂದೆ. ಅದರಲ್ಲಿ ಕಾಲು ಕೆ.ಜಿ. ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. ತೀರಾ ಒಣಗಿದರೆ ಗ್ರೀಸಿಗೂ ಚರ್ಮದ ಹೊದಿಕೆಗೂ ಒಳ್ಳೆಯದಲ್ಲ. ನೀಲಿ ಸಿಲಿಕಾ ಗುಲಾಬಿಗೆ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ನೀಲಿ. ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ಶಟರ್ ಎಳೆದ ಸ್ಥಿತಿಯಲ್ಲಿ ಕ್ಯಾಮರಾ ಇಡಬಾರದು, ಸ್ಪ್ರಿಂಗಿಗೆ ಆಯಾಸ. ತಿಂಗಳಿಗೂ ಹೆಚ್ಚು ಬಿಡುವಿದ್ದರೆ ಸೆಲ್ ಹೊರಗಿರಲಿ.

ನೆಗೆಟಿವ್‌ಗಳನ್ನು ಆರಾರು ಫ್ರೇಮಿನ ಪಟ್ಟಿಗಳಾಗಿ ಕತ್ತರಿಸಿ, ಹಾಳೆಯ ಚೀಲಗಳಲ್ಲಿ ಹಾಕಿ ನಿಲ್ಲಿಸಿಡುತ್ತೇನೆ. ಒಂದರ ಮೇಲೊಂದು ಪೇರಿಸಿದರೆ ಮಳೆಗಾಲದಲ್ಲಿ ಅಂಟಿಕೊಳ್ಳುತ್ತವೆ. ಡಬ್ಬದ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ಮೂರೇ ಸಾಲು: ಸಿಲಿಕಾ ಒಣಗಿಸಿದ ದಿನ, ಸೆಲ್ ಹಾಕಿದ ದಿನ, ಕ್ಯಾಮರಾದೊಳಗೆ ಈಗ ಇರುವ ರೋಲು ಎಷ್ಟನೆಯದು ಮತ್ತು ಅದರಲ್ಲಿ ಎಷ್ಟು ಫ್ರೇಮು ಉಳಿದಿದೆ.